ಟವರ್ ಬೇಡವೆಂದು ಕೈ ಎತ್ತಿದವರು

ವಿಸ್ಕಾಪಾತಾ,
ಬುಧವಾರ, 21 ಫೆಬ್ರವರಿ 2018

ನನ್ನ ಮಗನೇ ಎಲಾಡಿಯೊ,

ಹೇಗಿದ್ದೀಯಪ್ಪಾ? ಆ ಕಾಡಿನ ಸೆಕೆಗೆ ಬೆನ್ನೆಲ್ಲ ಬೆವರುಸಾಲೆ ಎದ್ದಿದೆ ಅಂದಿದ್ದೆಯಲ್ಲ, ಕಡಿಮೆಯಾಯಿತೆ? ಟವರ್ ಹತ್ತುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತೀಯೋ, ಇಲ್ಲಾ ಇಲ್ಲಿ ಹತ್ತುತ್ತಿದ್ದ ಹಾಗೆ ಕೋತಿಯಂತೆ ಬರಿಗೈಯಲ್ಲಿ ಹತ್ತುತ್ತೀಯೋ? ಬಾಳೆಕಾಯಿ ತಿಂದು ತಿಂದು ನಾಲಿಗೆ ಸತ್ತುಹೋಗಿದೆ ಅಂದೆ, ಅದಕ್ಕೇ ಲಾರಿಯವನ ಕೈಯಲ್ಲಿ ಹಿಮದಲ್ಲಿ ಒಣಗಿಸಿದ ಆಲೂಗಡ್ಡೆಯನ್ನೂ ಒಂದು ಉಂಡೆ ಚೀಸನ್ನೂ ಕಳಿಸಿದ್ದೇನೆ. ಚೀಸನ್ನು ಬೇಗ ತಿನ್ನು, ಅಲ್ಲಿ ಅದು ತಡೆಯುವುದಿಲ್ಲ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪ ಚೆನ್ನಾಗಿಲ್ಲ. ಅದನ್ನು ಆಮೇಲೆ ಬರೆಯುತ್ತೇನೆ, ಮೊದಲೇ ಬರೆದರೆ ನೀನು ಉಳಿದದ್ದನ್ನು ಓದುವುದಿಲ್ಲ.

ಅಮ್ಮ ಯಾಕೆ ಈಗ ಕಾಗದ ಬರೆಯುತ್ತಿದ್ದಾಳೆ ಅಂತ ನೀನು ಯೋಚಿಸುತ್ತಿರಬಹುದು. ಊರಿನ ಟವರ್ ಈಗಿಲ್ಲ ಮಗನೇ. ಕಾರ್ನಿವಲ್ ಹಿಂದಿನ ಶನಿವಾರ ಕೆಡವಿಹಾಕಿದರು. ಮೊನ್ನೆ ಭಾನುವಾರ ಫೋನಿನಲ್ಲಿ ಸಿಕ್ಕ ನಾಲ್ಕು ನಿಮಿಷದಲ್ಲಿ ನಿಮ್ಮಪ್ಪ ನಿನಗೆ ಲೈನ್ ಸರಿಯಿಲ್ಲ ಅಂತಷ್ಟೇ ಹೇಳಿದ್ದಾರೆ, ನೀನು ನೊಂದುಕೊಳ್ಳುತ್ತೀ ಅಂತ. ಬಿರುಗಾಳಿ ಬೀಳಿಸಲಿಲ್ಲ, ಕಳ್ಳರು ಕದಿಯಲಿಲ್ಲ. ನಮ್ಮ ಊರಿನವರೇ, ಮನೆಗೊಬ್ಬರಂತೆ ಹಗ್ಗ ಹಿಡಿದುಕೊಂಡು ಬಂದು, ಊರಕೆಲಸ ಅಂತ ಹಾಜರಿ ಕೂಗಿಸಿಕೊಂಡು ಎಳೆದು ಬೀಳಿಸಿದರು. ಮೂರು ವರ್ಷದ ಹಿಂದೆ ನೀನು ಕಂಪನಿಯವರನ್ನು ಕರೆತಂದಾಗ ಇದೇ ಗಂಡಸರು ಹೀಗೇ ಹಾಜರಿ ಕೂಗಿಸಿಕೊಂಡು ಬೆನ್ನ ಮೇಲೆ ಸಿಮೆಂಟ್ ಹೊತ್ತಿದ್ದರು. ಆಗಲೂ ಕೋಕಾ ಎಲೆ ಹಂಚಿ ಗುಡ್ಡದ ದೇವರಿಗೆ ಸಾರಾಯಿ ಚೆಲ್ಲಿದರು, ಈಗಲೂ ಚೆಲ್ಲಿದರು. ಆ ದೇವರಾದರೂ ಏನೆಂದು ತಿಳಿದುಕೊಳ್ಳಬೇಕು ಹೇಳು. ನಾವು ಹೆಂಗಸರು ಆಗ ಜೋಳದ ಸಾರು ಮಾಡಿದ್ದೆವು, ಈಗಲೂ ಅದೇ ಹಂಡೆಯಲ್ಲಿ ಅದೇ ಸಾರು. ನನ್ನ ಪಾಲನ್ನು ನಾಯಿಗೆ ಹಾಕಿದೆ. ಟವರಿನ ಕಬ್ಬಿಣ ಈಗ ಅಧ್ಯಕ್ಷ ಎಪಿಫಾನಿಯೊನ ಹಂದಿ ದೊಡ್ಡಿಗೆ ಬೇಲಿಯಾಗಿದೆ. ನಿನ್ನ ನಾಮಕರಣದ ದಿನ ಪಾದ್ರಿಯ ಮುಂದೆ ನಿನ್ನನ್ನು ಎತ್ತಿಕೊಂಡು ನಿಂತಿದ್ದ ಮನುಷ್ಯ ಅವನು. ಈಗ ನಾನು ಆ ದಾರಿಯಲ್ಲಿ ಹೋಗುವಾಗ ಮುಖ ತಿರುಗಿಸಿಕೊಂಡು ಹೋಗುತ್ತೇನೆ.

ಇದಕ್ಕೆಲ್ಲ ಬೀಜ ಬಿತ್ತಿದವನು ಜನವರಿಯ ಸಂತೆಗೆ ಬಂದ ಒಬ್ಬ ಬಿಳಿಕೋಟು. ತಾನು ಇಂಜಿನಿಯರ್ ಅಂತ ಹೇಳಿಕೊಂಡ. ಉಗುರಿನೊಳಗೆ ಕೊಳೆ, ಬಾಯಲ್ಲಿ ವಿಕಿರಣ. ಮೊಬೈಲಿನ ಕಿರಣ ಮಿದುಳನ್ನು ಬೇಯಿಸುತ್ತದೆ, ಹೆಂಗಸರ ಗರ್ಭ ಒಣಗಿಸುತ್ತದೆ, ತನ್ನ ಚಿನ್ನದ ಬಣ್ಣದ ಸ್ಟಿಕ್ಕರ್ ಅಂಟಿಸಿದರೆ ಎಲ್ಲವನ್ನೂ ಹೀರಿಬಿಡುತ್ತದೆ ಅಂತ ಹೇಳಿ ಕೈಯಲ್ಲಿದ್ದ ಒಂದು ಡಬ್ಬಿಯನ್ನು ಕೀಚ್ ಅನ್ನಿಸಿ ತೋರಿಸಿದ. ನಿಮ್ಮಪ್ಪ ಒಬ್ಬರೇ ಮುಂದೆ ಹೋಗಿ, "ನಿನ್ನ ಜೇಬಿನಲ್ಲಿರೋ ಫೋನ್ ತೆಗೆದು ಆಚೆ ಇಡಪ್ಪಾ, ಆಮೇಲೆ ಡಬ್ಬಿ ಕೂಗುತ್ತಾ ನೋಡೋಣ" ಅಂದರು. ಜನ ಅವರನ್ನೇ ಗದರಿಸಿ ಸುಮ್ಮನಿರಿಸಿದರು. ಆ ಸ್ಟಿಕ್ಕರ್ ಫೋನಿಗೆ ಅಂಟಿಸಿದ್ದು ಸಾಲದು ಅಂತ ರೇಡಿಯೊಗೆ, ಮಗುವಿನ ತೊಟ್ಟಿಲಿಗೆ, ಒಬ್ಬಳಂತೂ ಗಂಡನ ಟೋಪಿಗೂ ಅಂಟಿಸಿದಳು. ಹೆದರಿಕೆ ಇರುವುದು ತಪ್ಪಲ್ಲ. ನನಗೂ ಇತ್ತು, ಅದಕ್ಕೇ ನಿನ್ನನ್ನು ಕೇಳಿದ್ದೆ. ನೀನು ಒಲೆಯ ಮುಂದೆ ಕೂತು ಹೇಳಿದ್ದು ನೆನಪಿದೆ: "ಅಮ್ಮಾ, ಟವರ್ ಹತ್ತಿರ ಇದ್ರೆ ಫೋನು ಪಿಸುಗುಡುತ್ತೆ, ದೂರ ಇದ್ರೆ ಕಿರುಚಿಕೊಳ್ಳುತ್ತೆ. ಕಿವಿ ಹತ್ರ ಕಿರುಚೋದು ಒಳ್ಳೇದಾ, ಪಿಸುಗುಡೋದು ಒಳ್ಳೇದಾ ನೀನೇ ಹೇಳು." ಸಿಗ್ನಲ್ ಕಡಿಮೆಯಿದ್ದಾಗ ಮಾತು ಚುಟುಕಾಗಿರಲಿ, ಸ್ಪೀಕರ್ ಹಾಕಿ ಕಿವಿಯಿಂದ ದೂರ ಹಿಡಿ, ತಲೆದಿಂಬಿನ ಕೆಳಗೆ ಇಟ್ಟುಕೊಳ್ಳಬೇಡ ಅಂತಲೂ ನೀನೇ ಅಂದಿದ್ದೆ. ನಾನು ಅದನ್ನೆಲ್ಲ ಪಾಲಿಸಿದೆ. ನೀನು ಕೊಡಿಸಿದ ಕೀಪ್ಯಾಡ್ ಫೋನು ಒಂದು ಸಲ ಚಾರ್ಜ್ ಮಾಡಿದರೆ ಒಂದು ವಾರ ಬರುತ್ತಿತ್ತು. ಈಗ ಎರಡು ದಿನಕ್ಕೆ ಸತ್ತು ಬೀಳುತ್ತದೆ, ಸಿಗದ ಟವರನ್ನು ಹುಡುಕಿ ಕಿರುಚಿ ಕಿರುಚಿ.

ಬರಿಯ ಬಿಳಿಕೋಟಿನಿಂದ ಟವರ್ ಬೀಳುತ್ತಿರಲಿಲ್ಲ ಅನ್ನು. ಜನವರಿ ಕೊನೆಯಲ್ಲಿ ಒಂದು ಮನೆಯ ಒಲೆಯ ಪಕ್ಕದ ಗೂಡಿನಲ್ಲಿ ಮಾಂಸಕ್ಕೆಂದು ಸಾಕಿದ್ದ ಹನ್ನೊಂದು ಕುಯ್ ಗಿನಿಪಿಗ್ ಒಂದೇ ಬೆಳಗ್ಗೆ ಸತ್ತುಬಿದ್ದವು. ಅವುಗಳ ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿಕೊಂಡಿತ್ತು. ಮಳೆಯಲ್ಲಿ ಕೊಯ್ದ ಕುದುರೆ ಮೆಂತ್ಯದ ಸೊಪ್ಪನ್ನು ನೆರಳಿನಲ್ಲಿ ಆರಹಾಕದೆ ಒದ್ದೆಯಾಗಿಯೇ ಹಾಕಿದರೆ ಕುಯ್ ಹೀಗೇ ಸಾಯುತ್ತವೆ ಅಂತ ಇಲ್ಲಿ ಏಳು ವರ್ಷದ ಹುಡುಗಿಗೂ ಗೊತ್ತು. ಆ ಮನೆಯವಳು ಹಾಕಿದ್ದು ಅದನ್ನೇ. ಬಾಯಿ ಮಾತ್ರ ಬಿಡಲಿಲ್ಲ. ರಾತ್ರಿ ಚೆನ್ನಾಗಿಯೇ ಇದ್ದವು, ಏನಾಯಿತೋ ಗೊತ್ತಿಲ್ಲ ಅಂದಳು. ಅವಳ ಹೆಸರು ಬರೆಯುವುದಕ್ಕೂ ನನಗೆ ಅಸಹ್ಯ. ಅಷ್ಟು ಸಾಕಾಯಿತು ನೋಡು, ಮದ್ದಿನ ಸಾತುರ್ನಿನಾ ತನ್ನ ಗಂಟುಮೂಟೆಯೊಂದಿಗೆ ಹೊರಟಳು. ಕಾಯಿಲೆಯವರ ಮೈಗೆ ಸವರುವ ಹಾಗೆ ಒಂದು ಕಪ್ಪು ಕುಯ್ ಹಿಡಿದು ಟವರಿನ ಕಾಲಿಗೆ ಮೇಲಿಂದ ಕೆಳಗೆ ಸವರಿ, ಎಲ್ಲರ ಮುಂದೆ ಕೊಯ್ದು ಬಿಡಿಸಿದಳು. "ನೋಡ್ರಿ, ಈಲಿ ಸುಟ್ಟೋಗಿದೆ. ಈ ಕಬ್ಬಿಣಕ್ಕೆ ರೋಗ ಬಂದಿದೆ" ಅಂದಳು. ಮನುಷ್ಯರ ಮೈಗೆ ಸವರಿ ರೋಗ ಹುಡುಕುವುದನ್ನು ನಾನು ನಂಬುತ್ತೇನೆ, ನಿನ್ನ ಜ್ವರ ಎರಡು ಸಲ ಹಾಗೇ ಬಿಟ್ಟಿದೆ. ಕಬ್ಬಿಣಕ್ಕೆ ಸವರಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಆದರೂ ಒಬ್ಬರೂ ನಗಲಿಲ್ಲ.

ಮುಂದಿನ ಭಾನುವಾರ ಸಭೆ ಸೇರಿತು. ಎಪಿಫಾನಿಯೊ ಕಂಬಳಿಯ ಕೆಳಗೆ ಎರಡು ಫೋನ್ ಇಟ್ಟುಕೊಂಡೇ ನಿಂತು, ಹೊರಗಿನ ಕಂಪನಿಯವರು ನಮ್ಮನ್ನು ಬೇಯಿಸಿ ತಿನ್ನುತ್ತಿದ್ದಾರೆ, ನಮ್ಮ ಊರಿನ ಒಬ್ಬ ಹುಡುಗನೇ ಅವರಿಗೆ ದಾರಿ ತೋರಿಸಿದ ಅಂದ. ನಿನ್ನ ಹೆಸರು ಹೇಳಲಿಲ್ಲ, ಎಲ್ಲರೂ ನಮ್ಮ ಕಡೆಗೇ ತಿರುಗಿದರು. ಬೇಡ ಅನ್ನುವವರು ಕೈ ಎತ್ತಿ ಅಂದ. ಕೈಗಳು ಎದ್ದವು. ನಿಮ್ಮಪ್ಪ ಎರಡೂ ಕೈಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಎಲ್ಲರ ಮುಂದೆ, ನೆಲ ನೋಡಿಕೊಂಡು ನಿಂತಿದ್ದರು. ಹಾಗೆ ನಿಂತವರು ಊರಿನಲ್ಲಿ ಮೂವರೇ. ಕಂಪನಿಯವರು ಆಮೇಲೆ ಒಂದು ಸಲ ಬಂದು ನೋಡಿ, ಸಭೆಯೇ ಮತ್ತೆ ಬೇಕು ಅಂತ ಸಹಿ ಹಾಕಿ ಕೊಡುವವರೆಗೂ ಒಂದು ಮೊಳೆಯನ್ನೂ ತರುವುದಿಲ್ಲ ಅಂತ ಹೇಳಿ ಹೋದರು.

ಈಗ ನಿಮ್ಮಪ್ಪನ ವಿಷಯ. ಸಿಗ್ನಲ್ ಈಗ ಕಣಿವೆಯಾಚೆಯ ಪೇಟೆಯ ಟವರಿನಿಂದ, ಅದೂ ಕಲ್ಲುಗುಪ್ಪೆಯಿರುವ ಗುಡ್ಡದ ಏಣಿನ ಮೇಲೆ ಮಾತ್ರ, ಒಂದೇ ಒಂದು ಕಡ್ಡಿ. ಕಿರಣಕ್ಕೆ ಹೆದರಿ ಕೈ ಎತ್ತಿದವರೆಲ್ಲ ಈಗ ಅಲ್ಲಿಗೆ ಹತ್ತಿ, ಫೋನನ್ನು ಕಿವಿಗೆ ಒತ್ತಿ ಒತ್ತಿ ಹಿಡಿದು, ಕೇಳ್ತಿದೆಯಾ ಕೇಳ್ತಿದೆಯಾ ಅಂತ ಅರಚುತ್ತಾರೆ. ಹೇಸಿಗೆಯಾಗುತ್ತದೆ ನನಗೆ. ಅವರ ನಡುವೆ, ಗಣಿಯ ಧೂಳು ತಿಂದ ಶ್ವಾಸಕೋಶ ಹೊತ್ತುಕೊಂಡು, ಭಾನುವಾರ ನಿನ್ನ ಫೋನಿಗಾಗಿ ನಿಮ್ಮಪ್ಪನೂ ಹತ್ತುತ್ತಾರೆ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಮೊನ್ನೆ ನಿನ್ನ ಜೊತೆ ಮಾತಾಡಿದ ಮೇಲೆ ಕಲ್ಲುಗುಪ್ಪೆಯ ಪಕ್ಕದಲ್ಲೇ ಕುಸಿದುಬಿಟ್ಟರು, ತುಟಿ ನೀಲಿಯಾಗಿತ್ತು. ಇಬ್ಬರು ಹೊತ್ತುಕೊಂಡು ಬಂದರು. ಎಚ್ಚರವಾದ ಕೂಡಲೇ ಕೇಳಿದ್ದು, "ಮುಂದಿನ ವಾರ ಎಷ್ಟು ಗಂಟೆಗೆ ಮಾಡ್ತಾನಂತೆ?" ಆರೋಗ್ಯ ಕೇಂದ್ರದ ನರ್ಸ್ ಹತ್ತಲೇಬಾರದು ಅಂದಿದ್ದಾಳೆ. ಅವರು ಕೇಳುವ ಮನುಷ್ಯರಲ್ಲ. ಆದ್ದರಿಂದ ಮಗನೇ, ಇನ್ನು ಭಾನುವಾರ ಫೋನ್ ಮಾಡಬೇಡ. ಬೇರೆ ಕಡೆ ಕೆಲಸ ಬಿತ್ತು ಅಂತ ನಾನು ಹೇಳುತ್ತೇನೆ.

ಗುಡ್ಡದ ದೇವರೂ ನಮ್ಮ ಸಂತ ಇಸಿದ್ರೊನೂ ನಿನ್ನನ್ನು ಎತ್ತರದಲ್ಲಿ ಕಾಯಲಿ. ನಿನ್ನ ಜೊತೆ ಹತ್ತುವ ಹುಡುಗರಿಗೂ ನನ್ನ ಹಾರೈಕೆ ಹೇಳು, ಚೀಸಿನಲ್ಲಿ ಅವರಿಗೂ ಪಾಲಿದೆ.

ಇಂತಿ ನಿನ್ನ ಅಮ್ಮ,
ಫೆಲಿಸಿತಾಸ್

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಧೈರ್ಯವಾಗಿರಲಿಲ್ಲ. ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ. ಆ ಹನ್ನೊಂದು ಕುಯ್ ನಮ್ಮ ಮನೆಯವು. ಒದ್ದೆ ಸೊಪ್ಪು ಹಾಕಿದ್ದು ನಾನು. ಊರಿನ ಹುಡುಗಿಯರಿಗೆಲ್ಲ ಕುಯ್ ಸಾಕುವುದನ್ನು ಕಲಿಸಿದವಳು ನಾನು, ಸಾತುರ್ನಿನಾ ಬಾಗಿಲಲ್ಲಿ ನಿಂತು ಏನು ಹಾಕಿದ್ದೆ ಅಂತ ಕೇಳಿದಾಗ ಮರ್ಯಾದೆ ಹೋಗುತ್ತದೆ ಅಂತ ಸುಳ್ಳು ಹೇಳಿದೆ. ಸಭೆಯಲ್ಲಿ ಎಲ್ಲರೂ ನಮ್ಮ ಕಡೆ ತಿರುಗಿದಾಗ ಹೆದರಿ ಕೈಯನ್ನೂ ಎತ್ತಿದೆ, ನಿನ್ನ ಟವರಿನ ಮೇಲೆ. ನಿಮ್ಮಪ್ಪ ಪಕ್ಕದಲ್ಲೇ ಇದ್ದರು, ತಲೆ ಎತ್ತಿ ನೋಡಲಿಲ್ಲ. ಮಾರ್ಚ್ ನಾಲ್ಕರ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳುತ್ತೇನೆ, ಅದಕ್ಕೂ ಮೊದಲು ಅವರಿಗೆ. ಮೇಲೆ ಫೋನ್ ಮಾಡಬೇಡ ಅಂತ ಬರೆದದ್ದನ್ನು ಹೊಡೆದುಹಾಕು. ಕಾಗದ ಸಿಕ್ಕ ಭಾನುವಾರದಿಂದಲೇ ಮಾಡು. ಏಣಿನ ಮೇಲೆ ನಿಮ್ಮಪ್ಪ ಇರುವುದಿಲ್ಲ, ಪ್ರತಿ ವಾರ ನಾನೇ ಹತ್ತಿ ಕಾಯುತ್ತಿರುತ್ತೇನೆ. ಬೈಯುವುದಿದ್ದರೆ ಮೊದಲೇ ಬೈದುಬಿಡು ಮಗನೇ, ಅಲ್ಲಿ ಲೈನ್ ಬೇಗ ಹೋಗುತ್ತದೆ.