ಚಿಕ್ಕಪ್ಪ ತಿನ್ನಿಸಿದ ವೀರರು

ಅಪ್ಪಾ,

ಇವತ್ತು ನಮ್ಮ ಮಾಂಸದಂಗಡಿಯಲ್ಲೇ ಚಿಕ್ಕಪ್ಪನ ಹಲ್ಲು ಉದುರಿಸಿದೆ. ನೀವಿದ್ದಿದ್ದರೆ ನನಗೆ ಬೈಯುತ್ತಿದ್ದಿರೋ, ಅವನಿಗೇ ಇನ್ನೆರಡು ಬಿಗಿಯುತ್ತಿದ್ದಿರೋ ಗೊತ್ತಿಲ್ಲ.

ನೀವು ಹೋದ ಮೇಲೂ ನಿಮ್ಮ ಫೋನು ಗಲ್ಲಾದ ಪಕ್ಕದಲ್ಲೇ ಇತ್ತು. ಗಿರಾಕಿಗಳಿಲ್ಲದಾಗ ನೀವು ಆಡುತ್ತಿದ್ದ ಆ ಪುಕ್ಕಟೆ ಗೇಮಿನಲ್ಲಿ ವರ್ಷಗಟ್ಟಲೆ ಕೂಡಿಸಿದ್ದ ವೀರರನ್ನೆಲ್ಲ ಚಿಕ್ಕಪ್ಪ ಒಬ್ಬ ರಾಕ್ಷಸನಿಗೆ ತಿನ್ನಿಸಿ, ಅವನ ಬಲ ಹೆಚ್ಚಿಸಿಬಿಟ್ಟಿದ್ದ. ಆ ಆಟದಲ್ಲಿ ಹಾಗೆ ತಿನ್ನಿಸಿದವರು ಮತ್ತೆ ಸಿಗುವುದಿಲ್ಲ.

"ಸತ್ತವನ ಗೊಂಬೆಗಳು ಯಾರಿಗೆ ಬೇಕು? ಮಗಳ ಮುಖ ನೋಡೋದು ಬಿಟ್ಟು ಇದನ್ನೇ ನೋಡ್ತಾ ಕೂತಿರ್ತಿದ್ದ," ಎಂದು ನಕ್ಕ.

ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟೆ, ಅದೇ ಪುಣ್ಯ. ತಕ್ಕಡಿಯ ತೂಕದ ಬಟ್ಟು ಎತ್ತಿ ಅವನ ಬಾಯಿಗೆ ಬಡಿದೆ. ಅವನು ನನ್ನ ಜುಟ್ಟು ಹಿಡಿದು ಗೋಡೆಗೆ ಅಪ್ಪಳಿಸಿದ, ನನ್ನ ಹುಬ್ಬು ಸೀಳಿತು. ಮತ್ತೆ ಬಡಿದೆ. ಅಮ್ಮ ಒಳಗಿನಿಂದ ಓಡಿಬಂದು, "ಬಿಡೇ, ಸತ್ತೇಹೋಗ್ತಾನೆ!" ಎಂದು ಎಳೆದಳು.

"ಒಂದು ಗೊಂಬೆ ಉಳಿದಿದೆ ಕಣೇ," ಚಿಕ್ಕಪ್ಪ ರಕ್ತ ಉಗುಳಿದ. "ನಿಮ್ಮಪ್ಪ ಬೀಗ ಹಾಕಿಟ್ಟಿದ್ದಾನೆ. ತಿನ್ನಿಸೋಕೇ ಆಗಲ್ಲ."

ಫೋನಿನ ಪರದೆಯ ಮೇಲಿನ ರಕ್ತ ಒರೆಸಿ ನೋಡಿದೆ. ಆಟ ಶುರುಮಾಡಿದವರಿಗೆಲ್ಲ ಸಿಗುವ, ಯಾವ ಯುದ್ಧಕ್ಕೂ ಬಾರದ ಬಿಲ್ಲುಗಾರ ಹುಡುಗಿ. ಕೆಳಗೆ ನೀವೇ ಇಟ್ಟ ಹೆಸರು: 'ನನ್ನ ಮಗಳು'.

ಹುಬ್ಬಿಗೆ ಹೊಲಿಗೆ ಹಾಕುವಾಗ ನನ್ನ ಕಣ್ಣೀರು ನೋಡಿ ನರ್ಸಮ್ಮ, "ಅಷ್ಟೊಂದು ನೋವಾ?" ಅಂದಳು.

ಹೌದು ಅಂದೆ.