ಮಾನಿಟರ್ ಬಿಸಿಯಾಗಿತ್ತು

ಮಾರ್ಚ್ ೧೪, ಗುರುವಾರ

ಹೆಡ್ ಕ್ಲಾರ್ಕ್ ನನ್ನ ಹೆಗಲ ಮೇಲಿಟ್ಟ ಕೈ ಇನ್ನೂ ಅಲ್ಲೇ ಇದ್ದಂತಿದೆ.

ನನ್ನ ಮಾನಿಟರ್ ಸದಾ ಆಫ್ ಆಗಿರುತ್ತದೆ. ಕುರುಡನಿಗೆ ಅದರಿಂದೇನು? ಸ್ಕ್ರೀನ್ ರೀಡರ್ ಕಿವಿಗೆ ಓದಿ ಹೇಳುತ್ತದೆ, ಮೌಸ್ ಮುಟ್ಟದೆ ಕೀಲಿಗಳಲ್ಲೇ ಕೆಲಸ ಮುಗಿಸುತ್ತೇನೆ. ಮಧ್ಯಾಹ್ನ ಅಕ್ಕನಿಗೆ ಮೇಲ್ ಬರೆದೆ: ಮೂರು ವರ್ಷವಾಯಿತು, ಈ ಆಫೀಸಿನಲ್ಲಿ ಒಬ್ಬರೂ ನನ್ನನ್ನು ಊಟಕ್ಕೆ ಕರೆದಿಲ್ಲ. ಕಂಟ್ರೋಲ್, ಎಂಟರ್. ಹೋಯಿತು.

ನಾಲ್ಕಕ್ಕೆ ಹೆಡ್ ಕ್ಲಾರ್ಕ್ ಬಂದರು. "ನಾಳೆಯಿಂದ ನಮ್ ಜೊತೇಲೇ ಊಟಕ್ಕೆ ಬನ್ನಿ. ಬೇಜಾರ್ ಮಾಡ್ಕೋಬೇಡಿ."

ಅವರು ಹೋದ ಮೇಲೆ ಮಾನಿಟರಿನ ಬೆನ್ನು ಮುಟ್ಟಿ ನೋಡಿದೆ. ಬಿಸಿಯಾಗಿತ್ತು. ಧೂಳು ಒರೆಸುವಾಗ ಯಾರೋ ಗುಂಡಿ ಒತ್ತಿರಬೇಕು. ಹಿಂದೆ ನಿಂತು ಓದಿದವರು ಎಷ್ಟು ಜನವೋ, ಒಬ್ಬರೂ ಕೆಮ್ಮಲಿಲ್ಲ.

ನಾಳೆ ಹೋಗದಿದ್ದರೆ ಅದಕ್ಕೂ 'ಪಾಪ' ಅನ್ನುತ್ತಾರೆ. ಹೋದರೆ, ತಟ್ಟೆಗೆ ಬೀಳುವುದೂ ಅದೇ 'ಪಾಪ'.