ಊಟದ ಹೊತ್ತಿನ ತೀರ್ಪು

ನನ್ನ ಹಿರಿಯಣ್ಣನಿಗೆ,

ಸಗರದಿಂದ ನಿನ್ನ ತಮ್ಮ ನಿಂಗಪ್ಪ. ನಾಲ್ಕನೆಯ ಕ್ಲಾಸಿಗೇ ಪಾಟಿ ಒಗೆದು ಬಂದವನ ಅಕ್ಷರ ಇದು, ನಗಬೇಡ. ವಕೀಲನಾಗಿ ಇಷ್ಟು ವರ್ಷ ಇದಕ್ಕಿಂತ ಕೆಟ್ಟ ಕಾಗದ ಓದಿದ್ದೀಯ.

ರಂಗಂಪೇಟೆಯಲ್ಲಿ ಎತ್ತಿನ ದಲ್ಲಾಳಿಯ ಕಪಾಳಕ್ಕೆ ಬಾರಿಸಿ ನಾನು ಠಾಣೆಯಲ್ಲಿ ಕೂತ ದಿನ ನೆನಪಿದೆಯೇ? ಅವತ್ತು ಯಾವುದೋ ಕೇಸಿಗೆ ಸುರಪುರದ ಕೋರ್ಟಿಗೆ ಹೋಗಿದ್ದ ನೀನು ಕರಿ ಕೋಟಿನಲ್ಲೇ ಬಂದೆ. ಬೈಯುತ್ತೀ ಅಂದುಕೊಂಡಿದ್ದೆ. ನೀನು ಕೇಳಿದ್ದು ಒಂದೇ: "ಉಂಡಿಯೇನೊ?" ಆಮೇಲೆ ಆ ದಲ್ಲಾಳಿಯನ್ನೂ ಕರೆದುಕೊಂಡು ಖಾನಾವಳಿಗೆ ನಡೆದೆ. ಮೂವರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. ಹೊಟ್ಟೆ ತುಂಬಿದ ಮೇಲೆ ಯಾರಿಗೆ ಬೇಕು ಕೇಸು? ಅದಕ್ಕೆ ನಾನು ನಿನಗೆ ಒಂದು ಒಳ್ಳೆಯ ಮಾತು ಹೇಳಿದ್ದೇನೆಯೇ? ಈಗ ಹೇಳೋಣವೆಂದರೆ...

ಕಲಬುರಗಿಯ ದೊಡ್ಡ ವಕೀಲರೊಬ್ಬರು ಕರೆದಾಗಲೂ ನೀನು ಹೋಗಲಿಲ್ಲ. "ಮಧ್ಯಾಹ್ನ ಮನಿಗಿ ಉಣ್ಣಾಕ ಬರಾಕ ಆಗೂದಿಲ್ಲಲ್ಲೊ" ಅಂದೆ. "ಹೆಂಡ್ತಿ ಗುಲಾಮ!" ಅಂತ ವೈನಿಯ ಎದುರೇ ನಾನು ಒದರಿದೆ. ನೀನು ನಕ್ಕೆ. ನೀನು ದಿನಾ ಶಹಾಪುರದ ಕೋರ್ಟಿನಿಂದ ಮನೆಗೆ ಬಂದು, ಕೈ ತೊಳೆದು, ಹೆಸರು ಬಿಟ್ಟು ಅವತ್ತಿನ ವ್ಯಾಜ್ಯ ಹೇಳುವುದು. ವೈನಿ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಡುವುದು. "ನಿಮ್ಮ ಕಕ್ಷಿದಾರ ಸುಳ್ಳ ಹೇಳಾಕತ್ತಾನ್ರಿ. ಖರೇ ಇದ್ದಾಂವ ಅಷ್ಟು ಆಣಿ ಪ್ರಮಾಣ ಮಾಡೂದಿಲ್ಲ." ಕೋರ್ಟು ಬಿಟ್ಟ ಮೇಲೂ, ವೈನಿಯ ಕಣ್ಣು ಹೋದ ಮೇಲೂ ನೀನು ಅದನ್ನು ನಿಲ್ಲಿಸಲಿಲ್ಲ. "ಬಲಕ್ಕ ಪಲ್ಯ, ಎಡಕ್ಕ ಶೇಂಗಾ ಹಿಂಡಿ" ಅಂತ ಅವರ ಕೈ ಹಿಡಿದು ತೋರಿಸಿ, ಹಳೆಯ ವ್ಯಾಜ್ಯಗಳನ್ನೇ ಮತ್ತೆ ಹೇಳುತ್ತಿದ್ದೆ.

ನೀನು ತೀರಿಹೋದ ಮೇಲೆ ವೈನಿ ಊಟ ಬಿಟ್ಟರು. ಮಾತೂ ಬಿಟ್ಟರು. ನಿನ್ನ ಸೊಸೆ ಕಲಸಿ ಬಾಯಿಗಿಟ್ಟರೂ ಎರಡೇ ತುತ್ತು. ಡಾಕ್ಟರು ಸಲೈನ್ ಹಚ್ಚಿ, ಹೀಗೇ ಆದರೆ ಉಳಿಯುವುದು ಕಷ್ಟ ಅಂದರು. ನಾನು ಕೂಗಾಡಿದೆ. ನನಗೆ ಬರುವುದು ಅದೊಂದೇ ಅಲ್ಲವೇ?

ಹೋದ ವಾರ ಊಟದ ಹೊತ್ತಿಗೆ ಸಿಟ್ಟಿನಲ್ಲೇ ಶಹಾಪುರಕ್ಕೆ ಬಂದೆ. ಪಕ್ಕದ ಹೊಲದ ಬಸಣ್ಣನ ಆಡುಗಳು ನನ್ನ ತೊಗರಿಯ ಚಿಗುರು ಮೇದಿದ್ದವು. ಎರಡನ್ನು ಹಿಡಿದು ನನ್ನ ಅಂಗಳದಲ್ಲಿ ಕಟ್ಟಿದ್ದೆ. ಅವನು ಬಂದು ಬೈದು ಹೋಗಿದ್ದ. ತಾಟಿನ ಮುಂದೆ ಸುಮ್ಮನೆ ಕೂತಿದ್ದ ವೈನಿಯ ಎದುರು ಅದನ್ನೆಲ್ಲ ಒದರಿಬಿಟ್ಟೆ.

"ಬೇಲಿ ಹಚ್ಚಿದ್ದಿಯೇನು?"

ಯಾರು ಮಾತಾಡಿದ್ದು ಅಂತ ಸುತ್ತ ನೋಡಿದೆ. ವೈನಿ!

"ಇಲ್ರಿ."

"ಆಡು ಹಾಲು ಕೊಡ್ತಾವೇನು?"

"ಒಂದು ಕೊಡ್ತದ್ರಿ. ಹಿಂಡದಿದ್ರ ಕೆಚ್ಚಲ ಬಾತು ಒದ್ದಾಡ್ತಿತ್ರಿ."

"ಆ ಹಾಲು ಏನ್ ಮಾಡ್ದಿ?"

"ಚಾ ಮಾಡ್ಕೊಂಡು ಕುಡದೆನ್ರಿ..."

"ಬಸಣ್ಣನ ಹಾಲು ಕುಡದು ಬಸಣ್ಣಗ ಬೈತೀಯೇನೊ? ಮೊದಲ ಆಡು ಬಿಡು. ಅವನ್ನ ಮನಿಗಿ ಕರದು ಚಾ ಕುಡಿಸು. ಆಮ್ಯಾಗ ಇಬ್ರೂ ಕೂಡಿ ಬೇಲಿ ಹಚ್ರಿ."

ಸೊಸೆ ಬಾಗಿಲಲ್ಲೇ ನಿಂತಿದ್ದಳು. ವೈನಿ ಅತ್ತ ಮುಖ ತಿರುಗಿಸಿ, "ಇನ್ನೊಂದು ರೊಟ್ಟಿ ಹಾಕವ್ವ" ಅಂದರು.

ಸೋತೆ ಅಣ್ಣಾ. ಸೋತು ಇಷ್ಟು ಹಿಗ್ಗಿದ ಕಕ್ಷಿದಾರನನ್ನು ನೀನಾದರೂ ಕಂಡಿದ್ದೀಯಾ? ಆಡು ಬಿಟ್ಟೆ. ಬಸಣ್ಣ ಬಂದು ಚಾ ಕುಡಿದ. ಸಕ್ಕರೆ ಕಡಿಮೆ ಅಂದ. ಇನ್ನೊಂದು ಚಮಚ ಹಾಕಿ ಕೊಟ್ಟೆ, ನಂಬು.

ಈಗ ದಿನಾ ಮಧ್ಯಾಹ್ನ ಬಸ್ಸು ಹತ್ತಿ ಬರುತ್ತೇನೆ. ತಾಟಿಗೆ ಕೈ ಹಾಕುತ್ತಲೇ ವೈನಿ ಕೇಳುತ್ತಾರೆ, "ಇವತ್ತ ಯಾರ ಜೋಡಿ ಬಡದಾಡಿ ಬಂದಿ?" ನನ್ನ ಸ್ವಭಾವ ನಿನಗೆ ಗೊತ್ತಲ್ಲ. ನೀನು ಆರಾಮ ಇರು. ನಾನಿರುವ ತನಕ ಆ ತಾಟಿನ ಮುಂದೆ ಜಗಳಕ್ಕೆ ಕೊರತೆಯಾಗುವುದಿಲ್ಲ.

ನಿನ್ನ ತಮ್ಮ,
ನಿಂಗಪ್ಪ